ಮೂಲೆ ಅಂಗಡಿಯ ಹೊಸ್ತಿಲು

ಖಲೀಲ್ ಸಾಹೇಬರು ಬೆಳಿಗ್ಗೆ ಬೇಕರಿಯ ಬಾಗಿಲು ತೆಗೆದ ಕೂಡಲೇ ಒಲೆ ಹಚ್ಚುವವರಲ್ಲ. ಮೊದಲು ಬಗ್ಗಿ ಕೂತು, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗೆ ಕೈಯ ಹಿಂಬದಿಯನ್ನು ಹೊಸ್ತಿಲಿಗೆ ತಾಗಿಸುತ್ತಾರೆ. ಸುಮಾರಾಗಿ ಬೆಚ್ಚಗಿದ್ದರೆ ಮಾಮೂಲಿಯಷ್ಟೇ ಹಿಟ್ಟು ಕಲೆಸುತ್ತಾರೆ. ಚುರುಕ್ಕೆಂದರೆ ಇನ್ನೊಂದು ಮೂಟೆ ಬಿಚ್ಚುತ್ತಾರೆ. ಹಿಂದಿನ ದಿನ ಯಾರೋ ಅವರ ದಿಲ್‌ಪಸಂದಿನ ಫೋಟೋವನ್ನು ಊರಿನ ಗ್ರೂಪಿಗೆ ಹಾಕಿರುತ್ತಾರೆ, ಅದರ ಕೆಳಗೆ ಊರಿಗೆ ಊರೇ ನಾಲಿಗೆ ಚಾಚಿದ ಮುಖಗಳನ್ನು ಒತ್ತಿರುತ್ತದೆ. ಅಂಥ ದಿನ ಎಷ್ಟು ಬೇಯಿಸಿದರೂ ಮಧ್ಯಾಹ್ನದೊಳಗೆ ಖಾಲಿ. ಒಂದು ತುಂಡೂ ಉಳಿಯುವುದಿಲ್ಲ, ಇಲ್ಲವೆಂದು ಯಾರೂ ವಾಪಸ್ಸು ಹೋಗುವುದೂ ಇಲ್ಲ.

ನಮ್ಮೂರಿನ ವ್ಯಾಪಾರವೆಲ್ಲ ನಡೆಯುವುದು ಹೀಗೆಯೇ. ಊರು ಯಾರ ಬಗ್ಗೆ ಮಾತಾಡುತ್ತದೋ ಅವರ ಹೊಸ್ತಿಲು ಕಾಯುತ್ತದೆ. ಹೊಸ್ತಿಲು ಮುಟ್ಟದೆ ಬಟ್ಟೆಯಂಗಡಿಯವರು ಒಂದು ಸೀರೆ ತರಿಸುವುದಿಲ್ಲ, ಹೋಟೆಲಿನವರು ಒಂದು ಸೇರು ಅಕ್ಕಿ ನೆನೆಹಾಕುವುದಿಲ್ಲ. ನನ್ನ ಚಿಕ್ಕಂದಿನಲ್ಲಿ ಜನ ಮಾತಾಡುತ್ತಿದ್ದುದು ನಲ್ಲಿಯ ಹತ್ತಿರ, ಕಟಿಂಗ್ ಶಾಪಿನಲ್ಲಿ, ಜಗಲಿಯ ಮೇಲೆ. ಹೊಸ್ತಿಲು ನಿಧಾನಕ್ಕೆ ಕಾಯುತ್ತಿತ್ತು, ಜನ ಮಲಗಿದರೆ ತಾನೂ ಆರುತ್ತಿತ್ತು. ಫೋನು ಬಂದ ಮೇಲೆ ಜನರೂ ಮಲಗುವುದಿಲ್ಲ, ಹೊಸ್ತಿಲೂ ಮಲಗುವುದಿಲ್ಲ. ಮನೆಗಳದ್ದೂ ಇದೇ ಪಾಡು. ಸಾರಿಸಿದ ಹೊಸ್ತಿಲು ಎಷ್ಟು ಬೇಗ ಒಣಗಿತು ಎಂದು ಎದುರುಮನೆಯವಳು ಪರದೆಯ ಸಂದಿನಿಂದ ನೋಡುತ್ತಿರುತ್ತಾಳೆ. ವಯಸ್ಸಿಗೆ ಬಂದ ಮಗಳಿರುವ ತಾಯಂದಿರು ಮೇಲಿಂದ ಮೇಲೆ ತಣ್ಣೀರು ಚೆಲ್ಲಿ ಒದ್ದೆಯಾಗಿಯೇ ಇಟ್ಟಿರುತ್ತಾರೆ. ಅಂಗಡಿಯ ಹೊಸ್ತಿಲು ಬಿಸಿಯಿರಬೇಕು, ಮನೆಯದು ತಣ್ಣಗಿರಬೇಕು. ಮರ್ಯಾದಸ್ಥರ ಬಾಳೆಂದರೆ ನಮ್ಮಲ್ಲಿ ಇಷ್ಟೇ.

ನನ್ನದು ಮೂಲೆ ಅಂಗಡಿ. ಬಿದಿರಿನ ಗಳ, ತೆಂಗಿನ ನಾರಿನ ಹಗ್ಗ, ಮಡಕೆ, ಬಿಳಿ ಬಟ್ಟೆ, ಕರ್ಪೂರ, ದಾರಿಯುದ್ದಕ್ಕೂ ಎರಚಲು ಪುರಿ. ಇಷ್ಟು ಹೇಳಿದರೆ ಯಾತರ ಅಂಗಡಿಯೆಂದು ಯಾರಿಗಾದರೂ ತಿಳಿಯುತ್ತದೆ. ಊರಿನವರು ಮಾತ್ರ ಇಷ್ಟನ್ನೂ ಹೇಳುವುದಿಲ್ಲ. ಮನೆಯಲ್ಲಿ ಸಾವಾದಾಗ ಯಾರೋ ಒಬ್ಬರು ಓಡಿ ಬಂದು ನನ್ನ ಕಡೆಗೆ ಪಕ್ಕೆ ಮಾಡಿ ನಿಲ್ಲುತ್ತಾರೆ, ಮುಖ ಬೀದಿಯ ಕಡೆಗೆ. ನಾನು ಏನು ಬೇಕೆಂದು ಕೇಳುವುದಿಲ್ಲ. ಎತ್ತಿ ಕೊಡುತ್ತೇನೆ. ಹೋಗುವಾಗ ಅವರು ಬರುತ್ತೇನೆ ಎನ್ನುವುದಿಲ್ಲ, ನಾನು ಬನ್ನಿ ಎನ್ನುವುದಿಲ್ಲ. ಕಾಯಿಲೆಯವರಿರುವ ಮನೆಯ ಕಡೆಗೆ ನಾನು ತಲೆ ಹಾಕುವುದಿಲ್ಲ. ನಮ್ಮತ್ತೆಯ ಕಾಲದಿಂದಲೂ ನಡೆದುಬಂದದ್ದು ಇದು. ನನ್ನ ಯಜಮಾನರು ಹೋದ ದಿನವೂ ನಾನೇ ಅಂಗಡಿಯ ಬಾಗಿಲು ತೆಗೆದು ಸಾಮಾನು ಎತ್ತಿಕೊಟ್ಟಿದ್ದೆ. ಹೆಸರನ್ನೇ ಎತ್ತದ ಅಂಗಡಿಯ ಬಗ್ಗೆ ಮಾತೆಲ್ಲಿಂದ ಬರಬೇಕು. ನನ್ನ ಹೊಸ್ತಿಲು ಯಾವ ಕಾಲಕ್ಕೂ ಬಾವಿಯ ಕಟ್ಟೆಯಷ್ಟು ತಣ್ಣಗಿರುತ್ತಿತ್ತು.

ವರ್ತಕರ ಸಂಘದ ಹಿಂದಿನ ಕಾರ್ಯದರ್ಶಿಗಳು ಪೇಟೆಯ ಹೊಸ್ತಿಲುಗಳನ್ನೆಲ್ಲ ಮುಟ್ಟಿ ನೋಡುವ ದಿನ ನನ್ನದನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಅವರಿಗೂ ಭಯ. ಈ ಸಲ ಬಂದ ಮಂಜುಪ್ರಸಾದನಿಗೆ ಭಯವೆಂಬುದು ಗೊತ್ತಿಲ್ಲ, ಬುದ್ಧಿ ಬಂದ ಮೇಲೆ ಯಾರನ್ನೂ ಕಳೆದುಕೊಂಡವನಲ್ಲ. ಒಂದು ಬೆಳಿಗ್ಗೆ ನೇರ ಬಂದು ನನ್ನ ಹೊಸ್ತಿಲ ಮೇಲೆ ಕೈಯಿಟ್ಟ. ತೆಗೆದು ಕರವಸ್ತ್ರದಲ್ಲಿ ಒರೆಸಿಕೊಂಡ.

"ಅಮ್ಮ, ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ" ಎಂದ. "ಊರು ಏನು ಮಾತಾಡುತ್ತೋ ಅದೇ ಊರಿಗೆ ಬೇಕಾಗಿರೋದು. ನಿಮ್ಮ ಬಗ್ಗೆ ಒಬ್ಬರೂ ಮಾತಾಡ್ತಿಲ್ಲ ಅಂದ್ರೆ ಈ ಅಂಗಡಿ ಇಲ್ಲಿ ಯಾರಿಗೂ ಬೇಡ ಅಂತಾಯ್ತು."

"ಬೇಡ ಅಂತಲ್ಲಪ್ಪ. ಬೇಕು ಅಂತ ಬಾಯಿಬಿಟ್ಟು ಹೇಳೋಕಾಗಲ್ಲ. ನಿಮ್ಮ ತಾತ ಹೋದಾಗ ನಿಮ್ಮಪ್ಪ ಇಲ್ಲೇ ಬಂದು ನಿಂತಿದ್ರು. ಒಂದು ಮಾತಾಡ್ಲಿಲ್ಲ."

"ಆಡ್ಬೇಕಿತ್ತು" ಎಂದ ಆ ಮಹಾನುಭಾವ.

ಅವನ ಹಿಂದೆ ಒಬ್ಬ ತಲೆಯ ಮೇಲೆ ಹಲಗೆ ಹೊತ್ತು ನಿಂತಿದ್ದ. ಮೊಮೊ ಅಂಗಡಿ ತೆರೆಯುವವನಂತೆ. ಅಂಗಡಿ ಇನ್ನೂ ಇಲ್ಲ, ಹೊಸ್ತಿಲಿಗೆಂದು ಮಾಡಿಸಿದ ಹಲಗೆ ಮಾತ್ರ ಆಗಲೇ ಕಾದು, ಅವನು ತಲೆಗೆ ಸಿಂಬೆ ಇಟ್ಟುಕೊಳ್ಳಬೇಕಾಗಿತ್ತು. ತೀರ್ಮಾನ ಏನೆಂದರೆ, ಬರುವ ಅಮಾವಾಸ್ಯೆಗೆ ಕಾರ್ಯದರ್ಶಿ ಮತ್ತೆ ಬಂದು ಮುಟ್ಟುತ್ತಾನೆ. ಆಗಲೂ ತಣ್ಣಗಿದ್ದರೆ ನನ್ನ ಅಂಗಡಿ ಕೆರೆಯ ಆಚೆಗೆ, ಈ ಮೂಲೆ ಮೊಮೊಗೆ.

ಕೆರೆಯಾಚೆ ಏನಿದೆ? ದಾರಿದೀಪವಿಲ್ಲ, ಒಂದು ಮನೆಯಿಲ್ಲ. ಅಲ್ಲಿ ನಾನೂ ನನ್ನ ಮಗಳು ಸುಗುಣಳೂ ಇಬ್ಬರೇ ಕೂತು ಯಾರ ದಾರಿ ಕಾಯುವುದು? ಅಪ್ಪನನ್ನೋ ಹೆಂಡತಿಯನ್ನೋ ಕಳೆದುಕೊಂಡು ಕೈಕಾಲು ಸೋತವನು ಅಷ್ಟು ದೂರ ನಡೆಯಬಾರದು, ಅವನಿಗೆ ಕೂಗಳತೆಯಲ್ಲೇ ಸಾಮಾನು ಸಿಗಬೇಕು ಎಂದು ನಮ್ಮತ್ತೆ ಹೇಳುತ್ತಿದ್ದರು. ಅದು ಸರಿಯೆಂದು ನಾನು ದಿನಾ ನೋಡಿದ್ದೇನೆ.  ಆ ದಿನದಿಂದ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಖಲೀಲ್ ಸಾಹೇಬರು ಟೀ ಕಳಿಸಿ, ಹಿಂದೆಯೇ ತಾವೂ ಬಂದರು. "ಗ್ರೂಪಿನಲ್ಲಿ ಏನಾದ್ರೂ ಹಾಕಕ್ಕ. ಫೋಟೋ ಹಾಕು. ನಾನು ಹೊಸಾ ಬಿಸ್ಕತ್ತು ಮಾಡಿದಾಗ ಹಾಗೇ ಮಾಡೋದು."

"ನಾನು ಯಾತರ ಫೋಟೋ ಹಾಕ್ಲಿ ಸಾಹೇಬರೇ?"

ಅವರು ಅಂಗಡಿಯ ಒಳಗೆಲ್ಲ ಒಮ್ಮೆ ಕಣ್ಣಾಡಿಸಿದರು. "ಪುರಿ ಚೆನ್ನಾಗಿ ಕಾಣುತ್ತೆ" ಎಂದರು ಕೊನೆಗೆ.

ಸುಗುಣ ಪುರಿಯ ಚೀಲದ ಫೋಟೋ ತೆಗೆದು, ಅಂಗಡಿಯ ಹೆಸರು ಬರೆದು, ದಿನದ ಎಲ್ಲ ಹೊತ್ತೂ ಬಾಗಿಲು ತೆರೆದಿರುತ್ತದೆ ಎಂದು ಗ್ರೂಪಿಗೆ ಹಾಕಿದಳು. ಎಲ್ಲರೂ ನೋಡಿದರು. ನೋಡಿದ್ದಕ್ಕೆ ಗುರುತು ಬಿತ್ತು, ಒಬ್ಬರೂ ಒಂದಕ್ಷರ ಒತ್ತಲಿಲ್ಲ. ಕೆಲವರು ಗ್ರೂಪು ಬಿಟ್ಟೇ ಹೋದರು. ಮಾರನೆಯ ದಿನ ತರಕಾರಿಯವಳು ನನ್ನನ್ನು ಕಂಡವಳೇ ತಕ್ಕಡಿ ಬಿಟ್ಟು ಗಂಟಲ ಬಳಿಯ ತಾಳಿ ಹಿಡಿದುಕೊಂಡಳು. ಹೊಸ್ತಿಲು ಮೊದಲಿಗಿಂತ ತಣ್ಣಗಾದಂತೆ ನನಗನ್ನಿಸಿತು.

ಇದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಅಂಗಡಿಯ ಮುಂದೆ ನೀರು ಹಾಕಿ ಹೊಸ್ತಿಲು ಒರೆಸಲು ಬಗ್ಗಿದೆ. ಕೈಗೆ ಬೆಚ್ಚಗೆ ತಾಗಿತು. ಬಟ್ಟೆ ಆಚೆಗಿಟ್ಟು ಬರಿಗೈಯಲ್ಲಿ ಮುಟ್ಟಿದೆ. ನಿಜ. ಬಿಸಿಲಿನ್ನೂ ಆ ಕಡೆ ಬಂದಿರಲಿಲ್ಲ. ಉಳಿದೆ ಎಂದುಕೊಂಡೆ, ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಆ ಸಂತೋಷ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ನಿಲ್ಲಲಿಲ್ಲ. ಮೂಲೆ ಅಂಗಡಿಯ ಬಗ್ಗೆ ಊರಿನಲ್ಲಿ ಮಾತು ಎದ್ದಿದೆ ಎಂದರೆ ಯಾವುದೋ ಮನೆಯಲ್ಲಿ ತಯಾರಿ ನಡೆದಿದೆ ಎಂದೇ ಅರ್ಥ. ಯಾರ ಮನೆ? ಯಾರು?

ಖಲೀಲ್ ಸಾಹೇಬರೂ ಬಂದು ಕೈ ತಾಗಿಸಿ ನೋಡಿದರು. ಮುಖ ಚಿಕ್ಕದಾಯಿತು. "ಒಬ್ಬರ ಬಿಸಿ ಅಲ್ಲ ಅಕ್ಕ ಇದು" ಎಂದರು. "ನನ್ನ ಲೆಕ್ಕದಲ್ಲಿ ಹೇಳೋದಾದ್ರೆ, ಸಾಮಾನು ತರಿಸಿಟ್ಕೋ. ಆ ದಿನ ಬಂದಾಗ ಇಲ್ಲ ಅನ್ನಬಾರದು."

ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಬಿದಿರು ಡಿಪೋಗೆ ಹೇಳಿಸಿದೆ. ಮಧ್ಯಾಹ್ನ ಬಿದಿರು ಹೇರಿದ ಟೆಂಪೋ ಜನ ತುಂಬಿದ ಪೇಟೆಯ ನಡುವೆ ಹಾರ್ನು ಹೊಡೆಯುತ್ತ ಬಂದು ನನ್ನ ಮೂಲೆಯಲ್ಲಿ ನಿಂತಿತು. ಇಳಿಸುವವರು ಗಳಗಳನ್ನು ಒಂದೊಂದಾಗಿ ನೆಲಕ್ಕೆ ಹಾಕುತ್ತಿದ್ದರೆ, ಎದುರಿನ ಹೋಟೆಲಿನಲ್ಲಿ ತಿನ್ನುತ್ತಿದ್ದವರು ತಟ್ಟೆಯಲ್ಲೇ ಕೈತೊಳೆದು ಎದ್ದರು. ಸಂಜೆಯೊಳಗೆ ಡಾಕ್ಟರ ಶಾಪಿನ ಮುಂದೆ ಸಾಲು ಬಸ್‌ಸ್ಟಾಂಡಿನವರೆಗೆ ಬೆಳೆಯಿತು. ಜನ ತಮ್ಮ ತಮ್ಮ ಮನೆಯ ಮುದುಕರನ್ನು ಕೈಹಿಡಿದು ಕರೆತಂದಿದ್ದರು, ಮುದುಕರು ಒಬ್ಬರನ್ನೊಬ್ಬರು ಅಳೆದು ನೋಡುತ್ತಿದ್ದರು. ಮದುವೆಯ ದಿನ ಗೊತ್ತಾಗಿದ್ದವರು ಮುಂದಕ್ಕೆ ಹಾಕಿದರು. ಬೆಕ್ಕೊಂದು ನನ್ನ ಹೊಸ್ತಿಲ ಮೇಲೆ ಮುದುರಿ ಮಲಗಿತ್ತು. ಅದನ್ನು ಓಡಿಸಿ ಓಡಿಸಿ ನನಗೆ ಸಾಕಾಯಿತು.

ಬ್ಯಾಂಡಿನ ವರದಯ್ಯನವರು ಬಂದದ್ದು ಮಾರನೆಯ ದಿನ. ಒಂದು ಕಾಲಕ್ಕೆ ಸುತ್ತಲಿನ ಎಲ್ಲ ಮದುವೆಗಳಲ್ಲೂ ಅವರದೇ ಕ್ಲಾರಿಯೋನೆಟ್ಟು. ಈಗ ಎಂಬತ್ತು ದಾಟಿದೆ, ನಮ್ಮ ಬೀದಿಯ ಕೊನೆಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ನನ್ನ ಅಂಗಡಿಗೆ ಬಂದವರು ಯಾರೂ ನನ್ನ ಮುಖ ನೋಡಿ ನಿಲ್ಲುವುದಿಲ್ಲ. ಇವರು ಎದುರಿಗೇ ನಿಂತರು.

"ಏನಮ್ಮಣ್ಣಿ, ಊರು ಯಾರ ಲೆಕ್ಕ ಹಾಕ್ತಾ ಇದೆ?"

"ಯಾರ್ದೂ ಇಲ್ಲ ಯಜಮಾನ್ರೆ."

"ಸುಳ್ಳು ಹೇಳ್ಬೇಡ. ಬಿದಿರು ತರಿಸಿದ್ದೀಯ." ಕೋಲೂರಿ ಬಗ್ಗಿ ಹೊಸ್ತಿಲ ಮೇಲೆ ಕೈಯಿಟ್ಟರು. ತಕ್ಷಣ ತೆಗೆಯಲಿಲ್ಲ. "ಚೆನ್ನಾಗೇ ಕಾದಿದೆ. ಈ ಬೀದೀಲಿ ನನಗಿಂತ ದೊಡ್ಡೋರು ಯಾರೂ ಉಳಿದಿಲ್ಲ ಕಣಮ್ಮ."

ನಾನು ಏನಾದರೂ ಹೇಳಬೇಕಿತ್ತು. ಆದರೆ ನನ್ನ ಅಂಗಡಿಯಲ್ಲಿ ಸಮಾಧಾನ ಹೇಳುವ ರೂಢಿಯೇ ಇಲ್ಲ. ಅವರು ಮನೆಗೆ ಹೋಗಿ ಹಾಸಿಗೆ ಹಿಡಿದರು.

ಎರಡು ದಿನ ಬಿಟ್ಟು ಖಲೀಲ್ ಸಾಹೇಬರು ಹೇಳಿದರು, ವರದಯ್ಯನವರ ಮನೆಗೆ ಕೊಟ್ಟ ಮಿಲ್ಕ್ ಬ್ರೆಡ್ಡು ವಾಪಸ್ಸು ಬಂದಿದೆ, ಹಾಲಿನಲ್ಲಿ ಅದ್ದಿ ಕೊಟ್ಟರೂ ಅವರು ಬಾಯಿ ತೆಗೆಯುತ್ತಿಲ್ಲ ಎಂದು. ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ನಾನು ಇದನ್ನೇ ಸುಗುಣಳಿಗೆ ಹೇಳಿದೆ. ಊರು ಆ ಮುದುಕನನ್ನು ಮಾತಾಡಿಯೇ ಕೊಲ್ಲುತ್ತಿದೆ ನೋಡು ಎಂದೆ. ಸುಗುಣ ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಮ್ಮ, ಅದು ಊರಲ್ಲ. ನಾನು."

ಬಿದಿರು ಡಿಪೋದಲ್ಲಿ ತಿಮ್ಮರಾಜು ಎಂಬ ಹುಡುಗನಿದ್ದಾನೆ. ಆರ್ಡರು ಹೇಳಲು ಫೋನು ಮಾಡುತ್ತಿದ್ದವಳು ಇವಳೇ. ಒಂದು ದಿನ ಅವನು, ಇವತ್ತು ಅಂಗಡೀಲಿ ಯಾರು ಬಂದಿದ್ರು ಎಂದು ಕೇಳಿದನಂತೆ. ಇವಳು ಹೇಳಿದಳು. ಮಾರನೆಯ ದಿನವೂ ಕೇಳಿದ. ಆಮೇಲೆ ಫೋನಿನಲ್ಲಿ ಬರೆಯುವುದೇ ಬರೆಯುವುದು. ಯಾರು ಬಂದು ಹೇಗೆ ನಿಂತರು, ಅಮ್ಮ ಹಗ್ಗ ಹೇಗೆ ಅಳೆಯುತ್ತಾಳೆ, ಮಡಕೆ ಕೊಡುವ ಮೊದಲು ಬೆರಳಲ್ಲಿ ತಟ್ಟಿ ಸದ್ದು ಹೇಗೆ ನೋಡುತ್ತಾಳೆ, ಪುರಿ ಹುರಿದ ದಿನ ಅಂಗಡಿ ಏನು ಘಮಘಮ ಅನ್ನುತ್ತದೆ, ಎಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳ ಬೆರಳು ನಿಂತದ್ದಿಲ್ಲ. ಊರಿನ ಸಾವಿರ ಜನ ಒಂದೊಂದು ಮಾತಾಡಿದರೂ, ಒಬ್ಬಳೇ ಹುಡುಗಿ ಸಾವಿರ ಮಾತಾಡಿದರೂ ಹೊಸ್ತಿಲು ಕಾಯುವುದು ಒಂದೇ ಥರ. ಇದು ಖಲೀಲ್ ಸಾಹೇಬರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

"ಅಂಗಡಿ ಬಗ್ಗೆ ನನ್ನನ್ನ ಯಾರೂ ಯಾವತ್ತೂ ಕೇಳಿರ್ಲಿಲ್ಲಮ್ಮ" ಎಂದಳು ಸುಗುಣ. "ಸ್ಕೂಲಲ್ಲೂ ಕೇಳ್ತಿರ್ಲಿಲ್ಲ. ಅವರು ಕೇಳಿದ್ರು."

ಒಳ್ಳೆಯ ತಾಯಿಯಾಗಿದ್ದರೆ ಯಾರವನು, ಎಂಥ ಮನೆತನ ಎಂದು ಕೇಳಬೇಕಿತ್ತು. ಬೈಯುವವಳಾಗಿದ್ದರೆ ಬೈಯಬೇಕಿತ್ತು. ನನ್ನ ತಲೆಯಲ್ಲಿ ಆಗ ಓಡಿದ್ದು ಅಮಾವಾಸ್ಯೆಗೆ ಇನ್ನೆಷ್ಟು ದಿನವಿದೆ ಎಂಬುದು. ಹತ್ತಿರವೇ ಇತ್ತು.

"ಮಾತಾಡು" ಎಂದೆ. "ಅಮಾವಾಸ್ಯೆ ಕಳೆಯೋ ತನಕ ಚೆನ್ನಾಗಿ ಮಾತಾಡು. ಆಮೇಲೆ ನೋಡೋಣ."

ಅವಳು ನನ್ನ ಮುಖವನ್ನು ಗುರುತು ಹಿಡಿಯುವವಳ ಹಾಗೆ ನೋಡಿದಳು. ಆಮೇಲೆ ನಾನು ಬೆಳಿಗ್ಗೆ ಎದ್ದ ಕೂಡಲೇ, ನಿನ್ನೆ ಮಾತಾಡಿದ್ಯಾ, ಏನಂದ, ಮಡಕೆ ವಿಷಯ ಹೇಳಿದ್ಯಾ ಎಂದು ಕೇಳುವುದಕ್ಕೆ ಶುರು ಮಾಡಿದೆ. "ನೀನು ಹೀಗೆ ಕೇಳಿದ್ರೆ ನನಗೆ ಮಾತೇ ಬರಲ್ಲಮ್ಮ" ಎನ್ನುತ್ತಿದ್ದಳು. ಆದರೂ ಬರೆಯುತ್ತಿದ್ದಳು, ನನ್ನ ಸಲುವಾಗಿ. ಹೊಸ್ತಿಲು ಹದವಾಗಿ ಕಾದಿತ್ತು. ಬೀದಿಯ ಕೊನೆಯಲ್ಲಿ ವರದಯ್ಯನವರು ಗಂಜಿಯನ್ನೂ ಬಿಟ್ಟರು. ಮುಖ ಗೋಡೆಯ ಕಡೆಗೆ ತಿರುಗಿಸಿ ಮಲಗಿದ್ದಾರೆ, ಮಗ ಊರೂರಿನ ನೆಂಟರಿಗೆ ಫೋನು ಮಾಡುತ್ತಿದ್ದಾನೆ ಎಂಬ ಸುದ್ದಿ ಬಂತು. ಅಂಗಡಿಯಲ್ಲಿ ಕೂತರೆ ಆ ಬಿದಿರಿನ ರಾಶಿ ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಅದರಲ್ಲಿ ಯಾವ ಎರಡು ಗಳ ಅವರ ಪಾಲಿಗೆ ಎಂದು ನನ್ನ ಕಣ್ಣು ತಾನಾಗಿ ಆರಿಸುತ್ತಿತ್ತು. ಅವರು ಕಾಲ ತುಂಬಿ ಸಾಯುತ್ತಿರುವವರಲ್ಲ, ನಾನು ಸುಮ್ಮನಿರುವುದರಿಂದ ಸಾಯುತ್ತಿರುವವರು. ಇನ್ನು ತಡೆಯಲಾಗದೆ ಅಂಗಡಿಗೆ ಚಿಲಕ ಹಾಕಿ ಹೊರಟೆ.

ನಾನು ಕಾಯಿಲೆಯ ಮನೆಯ ಕಡೆಗೆ ನಡೆಯುವುದೆಂದರೆ ಏನೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ನಾನು ದಾಟಿದ ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ವರದಯ್ಯನವರ ಸೊಸೆ ಶಕುಂತಲೆ ಬಾಗಿಲಲ್ಲೇ ಎರಡೂ ಕೈ ಚಾಚಿ ತಡೆದಳು.

"ಇನ್ನೂ ಆಗಿಲ್ಲ ಅಮ್ಮಣ್ಣಿ. ಆದಾಗ ನಾವೇ ಬರ್ತೀವಿ. ನೀವು ಹೋಗಿ."

"ಅಳತೆಗೆ ಬಂದಿಲ್ಲ ತಾಯಿ. ಆಗದೆ ಇರ್ಲಿ ಅಂತ ಬಂದಿದ್ದೀನಿ. ಒಂದ್ಮಾತು ಹೇಳಿ ಹೋಗ್ತೀನಿ, ಬಿಡು."

ಅವಳು ಬಿಡಲಿಲ್ಲ. ಒಳಗಿನಿಂದ ವರದಯ್ಯನವರ ದನಿ ಬಂತು, "ಬರ್ಲಿ ಬಿಡು. ಬರೋರು ಬಂದೇ ಬರ್ತಾರೆ." ಒಳಗೆ ಹೋದೆ. ಕೆನ್ನೆ ಒಳಕ್ಕೆ ಹೋಗಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದೆ. ಊರು ನಿಮ್ಮ ಬಗ್ಗೆ ಏನೂ ಅಂದುಕೊಂಡಿಲ್ಲ. ಹೊಸ್ತಿಲು ಕಾದದ್ದು ನನ್ನ ಮಗಳಿಂದ. ಡಿಪೋದ ಹುಡುಗನೊಬ್ಬನಿಗೆ ಅವಳು ಅಂಗಡಿಯ ವಿಷಯ ಬರೆಯುತ್ತಾಳೆ. ಅಷ್ಟೇ ಇರುವುದು. ನೀವು ಎದ್ದು ಊಟ ಮಾಡಿ. ಈ ಮಾತು ನಿಮ್ಮಲ್ಲೇ ಇರಲಿ, ಮದುವೆಯಾಗಬೇಕಾದ ಹುಡುಗಿ.

ಅವರು ಮೊಣಕೈಯೂರಿ ತಲೆಯೆತ್ತಿದರು.

"ಹಾಗಾದ್ರೆ ನನ್ನ ಬಗ್ಗೆ ಯಾರೂ ಮಾತಾಡ್ತಿಲ್ವಾ?"

"ಇಲ್ಲ ಯಜಮಾನ್ರೆ."

"ಒಬ್ರೂ?"

"ಒಬ್ರೂ ಇಲ್ಲ."

ಮುಖ ಬೆಳಗುತ್ತದೆ ಎಂದುಕೊಂಡಿದ್ದೆ. ಅದು ಇನ್ನಷ್ಟು ಬಾಡಿತು. "ಮದುವೆ ಕಾಲದಲ್ಲಿ ಈ ಮನೆ ಹೊಸ್ತಿಲ ಮೇಲೆ ನಮ್ಮೋಳು ಹಾಲಿನ ಪಾತ್ರೆ ಇಟ್ಟು ಕಾಯಿಸೋಳು" ಎಂದರು. "ಈಗ ಬೆಳಿಗ್ಗೆ ಒರೆಸಿದ್ದು ಮಧ್ಯಾಹ್ನ ಆದ್ರೂ ಒಣಗಲ್ಲ. ಸಾಯ್ತಾನೆ ಅಂತಾದ್ರೂ ಜನ ನೆನೆಸ್ಕೊಂಡ್ರಲ್ಲ ಅಂತ ಒಂದು ಕಡೆ..." ಮಾತು ಅಲ್ಲಿಗೇ ಬಿಟ್ಟರು. ಆಮೇಲೆ ಯಾರ ಮೇಲೋ ಸಿಟ್ಟು ಬಂದವರ ಹಾಗೆ ಸೊಸೆಯನ್ನು ಕರೆದು ಗಂಜಿ ತರಲು ಹೇಳಿದರು. ಉಪ್ಪು ಕಡಮೆಯಾಯಿತೆಂದು ಬೈದು ಕುಡಿದರು. ಎದೆಯ ಮೇಲಿನ ಕಲ್ಲು ಇಳಿದು, ಬೀದಿಯುದ್ದ ಮುಚ್ಚಿದ ಕಿಟಕಿಗಳ ನಡುವೆ ನಾನು ಹಗುರವಾಗಿ ನಡೆದು ಬಂದೆ.

ಅವರು ಆ ಮಾತನ್ನು ತಮ್ಮಲ್ಲಿ ಇಟ್ಟುಕೊಳ್ಳಲಿಲ್ಲ. ಸಂಜೆ ದಿಂಬಿಗೆ ಒರಗಿ ಕೂತು, ಮೊಮ್ಮಗಳ ಫೋನು ಇಸಿದುಕೊಂಡು, ಗ್ರೂಪಿಗೆ ತಮ್ಮ ದನಿಯಲ್ಲೇ ಹೇಳಿ ಹಾಕಿದರು. ತನಗೇನೂ ಆಗಿಲ್ಲವೆಂದು, ಗಂಜಿ ಕುಡಿದೆನೆಂದು, ಮೂಲೆಯ ಹೊಸ್ತಿಲಿನ ಬಿಸಿಗೆ ಕಾರಣ ಸುಗುಣಳೂ ಡಿಪೋದ ಹುಡುಗನೂ ಎಂದು. ಪದೇ ಪದೇ ಕೇಳಿದರು ಜನ. ಭಯ ಹೋದ ಖುಷಿಗೇ ಅರ್ಧ ಮಾತಾಡಿದರು, ಇನ್ನರ್ಧ ರುಚಿಗೆ. ಆ ಸಂಜೆ ವರದಯ್ಯನವರ ಮನೆಗೆ ಹಣ್ಣು ಹಿಡಿದು ಬಂದವರಿಗೆ ಕೂರಲು ಜಾಗವಿರಲಿಲ್ಲವಂತೆ. ಅವರ ಹೊಸ್ತಿಲೂ ಬೆಚ್ಚಗಾಯಿತಂತೆ. ಅವರನ್ನು ಶಪಿಸಬೇಕೆಂದು ಕೂತೆ, ಆಗಲಿಲ್ಲ. ಗುಟ್ಟನ್ನು ಅವರ ಕೈಗೆ ಕೊಟ್ಟವಳು ನಾನೇ.

ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಹೊಸ್ತಿಲು ಸಾರಿಸಿದೆ. ಬಟ್ಟೆ ಹಿಂಡುವಷ್ಟರಲ್ಲಿ ಒಣಗಿತ್ತು. ಮತ್ತೆ ನೀರು ಹಾಕಿದೆ, ಹಬೆ ಎದ್ದಿತು. ತಲೆಯೆತ್ತಿದರೆ ಸುಗುಣ ನಡುಮನೆಯಲ್ಲಿ ನಿಂತಿದ್ದಳು.

"ಯಾರಿಗೆ ಹೇಳ್ದೆ?" ಎಂದಳು.

ಹೇಳಿದೆ. ಅವಳು ಅಳಲಿಲ್ಲ. ಫೋನು ಆರಿಸಿ ಅಕ್ಕಿಯ ಡಬ್ಬಿಯ ಹಿಂದಕ್ಕೆ ಹಾಕಿದಳು. ಅಂದಿನಿಂದ ಅಂಗಡಿಯ ಹೊಸ್ತಿಲು ಇಳಿಯತೊಡಗಿತು. ಊರಿಗೆ ಈಗ ಬೇಕಾಗಿದ್ದದ್ದು ಸುಗುಣ, ಅಂಗಡಿಯಲ್ಲ. ಅಮಾವಾಸ್ಯೆಯ ದಿನ ಮಂಜುಪ್ರಸಾದ ಬಂದು ಮುಟ್ಟಿದಾಗ ಅದು ಎಂದಿನ ಹಾಗೆ ತಣ್ಣಗೆ ಕೊರೆಯುತ್ತಿತ್ತು. ಅವನು ಒಳ್ಳೆಯ ಮಾತಿನಲ್ಲೇ ಹೇಳಿದ, ನಾಳೆಯೊಳಗೆ ಕೆರೆಯಾಚೆ. ಮೊಮೊದವನು ಹಲಗೆ ಇಳಿಸಿ ಅಳತೆ ನೋಡಿದ. ಸರಿಯಾಗಿ ಕೂತಿತು.

ಮಡಕೆಗಳನ್ನು ಕೈಗಾಡಿಯಲ್ಲಿ ತುಂಬಿಸಿಕೊಂಡು ಮನೆಯ ಮುಂದೆ ಬಂದೆ. ಮಗಳು ಬಾಗಿಲಲ್ಲಿದ್ದಳು. ನಮ್ಮ ನಡುವೆ ಆ ಹೊಸ್ತಿಲು. ಬರಿಗಾಲಿನಲ್ಲಿ ಅದರ ಹತ್ತಿರ ನಿಂತರೆ ಬೆರಳಿಗೆ ಝಳ ತಾಗುತ್ತಿತ್ತು.

"ಅಂಗಡಿ ಇಲ್ಲೇ ಇಡು" ಎಂದಳು. "ಈ ಮನೇನೂ ಪೇಟೆ ಬೀದೀಲೇ ಇದೆ. ಇದಕ್ಕಿಂತ ಬಿಸಿ ಹೊಸ್ತಿಲು ಊರಲ್ಲಿಲ್ಲ. ಕರೀ ಆ ಕಾರ್ಯದರ್ಶೀನ."

"ಏನಂತ ಮಾತಾಡ್ತೀಯ ಸುಗುಣ."

"ಅಂಗಡಿ ಬಗ್ಗೆನೇ ಮಾತಾಡಿರ್ಬೇಕು ಅಂತ ಎಲ್ಲಾದ್ರೂ ಬರೆದಿದ್ಯಾ? ಹೇಗೂ ಕಾದಿದೆ. ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ."

ಅವಳ ದನಿಯಲ್ಲಿ ಸಿಟ್ಟಿತ್ತೋ, ಸೋಲಿತ್ತೋ, ನನ್ನ ಮೇಲಿನ ಕರುಣೆಯೇ ಇತ್ತೋ ನನಗೆ ಇಂದಿಗೂ ಗೊತ್ತಾಗಿಲ್ಲ. ಕಾರ್ಯದರ್ಶಿ ಬಂದ. ಮುಟ್ಟಿ, ಬೆರಳು ಬಾಯಿಗಿಟ್ಟುಕೊಂಡ. ಅವನ ನಿಯಮವನ್ನು ಅವನೇ ಮುರಿಯುವಂತಿರಲಿಲ್ಲ. ಇನ್ನು ಮೇಲೆ ಪ್ರತಿ ಅಮಾವಾಸ್ಯೆಗೂ ನೋಡುತ್ತೇನೆ, ಬಿಸಿಯಿರುವಷ್ಟು ದಿನ ಇರಿ ಎಂದು ಹೋದ. ನಾವು ನಡುಮನೆಯಲ್ಲಿ ಬಿದಿರು ಜೋಡಿಸಿದೆವು. ಬಂದವರು ಈಗಲೂ ಪಕ್ಕೆ ಮಾಡಿಯೇ ನಿಲ್ಲುತ್ತಾರೆ. ಆದರೆ ಕಣ್ಣಂಚಿನಲ್ಲಿ ಅವಳು ಎಲ್ಲಿದ್ದಾಳೆ ಎಂದು ಹುಡುಕುತ್ತಾರೆ, ಸಾವಿನ ಮನೆಯಿಂದ ಬಂದವರು ಕೂಡ.

ತಿಮ್ಮರಾಜುವಿನ ಮನೆಯವರು ಕೆಟ್ಟವರಲ್ಲ. ಹೇಳಿ ಕಳಿಸಿದ್ದರು. ನಮ್ಮ ಹುಡುಗ ಹಟ ಹಿಡಿದಿದ್ದಾನೆ, ನಮಗೂ ಒಪ್ಪಿಗೆಯೇ, ಆದರೆ ಕಾದ ಹೊಸ್ತಿಲು ದಾಟಿಸಿ ಸೊಸೆಯನ್ನು ತಂದರೆ ನಮ್ಮೂರಿನವರು ಏನಂದಾರು, ಸ್ವಲ್ಪ ಆರಲಿ, ಆರಿದ ಮೇಲೆ ಬಂದು ಕೇಳುತ್ತೇವೆ ಎಂದು. ಇದನ್ನು ಕೇಳಿದ ದಿನ ಸುಗುಣ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡಳು. ಅಂದಿನಿಂದ ಬೆಳಿಗ್ಗೆ ಎದ್ದವಳು ಹಾಸಿಗೆಯ ಮೇಲಿಂದಲೇ ಕೇಳುವುದು ಒಂದೇ, ಇವತ್ತು ಹೇಗಿದೆಯಮ್ಮ ಎಂದು. ನಾನು ಬಗ್ಗಿ ಕೈಯ ಹಿಂಬದಿ ತಾಗಿಸುತ್ತೇನೆ. ಬಿಸಿಯಿದ್ದರೆ ಮಗಳಿಗಾಗಿ ಸಂಕಟ. ಕಡಮೆಯೆನಿಸಿದರೆ ಕೆರೆಯಾಚೆಯ ಕತ್ತಲೆ ಕಣ್ಣ ಮುಂದೆ ಬರುತ್ತದೆ. ಮಗಳ ಮೇಲಿನ ಮಾತು ಅಡಗಲಿ ಎಂದು ಹರಕೆ ಹೊರಬೇಕಾದವಳು ನಾನು. ಯಾವ ದೇವರ ಮುಂದೆ ನಿಂತರೂ ಏನು ಕೇಳಬೇಕೆಂದು ತೋಚುವುದಿಲ್ಲ.

ಊರಿಗೆ ಒಂದೇ ಮಾತು ಎಷ್ಟು ದಿನ ರುಚಿಸುತ್ತದೆ. ಮೊಮೊ ಬಂತು, ಮೊಮೊ ತಿಂದು ಯಾರಿಗೋ ಹೊಟ್ಟೆ ಕೆಟ್ಟಿತು, ಮಾತು ಅತ್ತ ಹರಿಯಿತು. ನಮ್ಮ ಹೊಸ್ತಿಲು ದಿನದಿನಕ್ಕೆ ಇಳಿದು, ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ಉಗುರು ಬೆಚ್ಚಗೆ ನಿಂತಿತು. ಸುಗುಣ ತಾನೇ ಬಂದು ಮುಟ್ಟಿ ನೋಡಿ, ಒಳಗೆ ಹೋಗಿ, ಅಕ್ಕಿಯ ಡಬ್ಬಿಯ ಹಿಂದಿನಿಂದ ಫೋನು ತೆಗೆದು ಸೆರಗಿನಲ್ಲಿ ಒರೆಸಿದಳು. ಅವಳು ಸ್ನಾನಕ್ಕೆ ಹೋದಾಗ ನಾನು ನನ್ನ ಫೋನು ಹಿಡಿದು ಕೂತೆ. ಗ್ರೂಪಿನಲ್ಲಿ ನಾನು ಒಂದಕ್ಷರ ಬರೆದವಳಲ್ಲ.  ಒಂದೊಂದೇ ಅಕ್ಷರ ಹುಡುಕಿ ಬರೆದೆ: "ಎಲ್ಲರಿಗೂ ಕೈಮುಗಿದು ಕೇಳಿಕೊಳ್ಳುತ್ತೇನೆ. ನನ್ನ ಮಗಳು ಸುಗುಣ ಮತ್ತು ಆ ಹುಡುಗನ ವಿಷಯ ದಯವಿಟ್ಟು ಯಾರೂ ಮಾತಾಡಬೇಡಿ."

ಬೇಡ ಅಂದ ಮಾತನ್ನು ಊರು ಬಿಡುವುದಿಲ್ಲವೆಂದು ಗೊತ್ತಿದ್ದೇ ಒತ್ತಿದೆ. ಹೋಯಿತು.

ಸುಗುಣ ತಲೆ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ನಾನು ಬಾಗಿಲ ಬಳಿ ಬಗ್ಗಿ ಕೂತಿದ್ದೆ. ಬೆರಳಿನ ಗೆಣ್ಣು ಕೆಂಪಾಗಿತ್ತು.

"ಪೂರ್ತಿ ಆರ್ತಾ ಅಮ್ಮ?"

"ಇನ್ನೇನು ಮಗಳೇ, ಆರೇ ಹೋಗುತ್ತೆ" ಎಂದೆ. ಸುಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ.